ಕಥೆ ಕೈಕೊಟ್ಟ ಕಡೆ ಲೆಕ್ಕ ಶುರು

ಪ್ರಶ್ನೆ: ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಸೈನ್ಸ್ ಫಿಕ್ಷನ್ ಅಂದರೆ ಪ್ರಾಣ. ‘ಇದೆಲ್ಲ ಟೈಮ್‌ಪಾಸ್, ರಿಸರ್ಚ್‌ಗೆ ಉಪಯೋಗಕ್ಕೆ ಬರಲ್ಲ’ ಎನ್ನುತ್ತಾರೆ ನಮ್ಮ ಮೇಷ್ಟ್ರು. ಕಥೆಯಿಂದ ನಿಜವಾದ ಸಂಶೋಧನೆ ಹುಟ್ಟಿದ್ದುಂಟಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಉಂಟು. ಆದರೆ ಕಥೆಯಲ್ಲಿದ್ದದ್ದನ್ನು ಹಾಗೇ ಎತ್ತಿಕೊಂಡು ಅಲ್ಲ. ಕಥೆ ಲೆಕ್ಕಕ್ಕೆ ಒಗ್ಗದೆ ಎಲ್ಲಿ ಕೈಕೊಡುತ್ತದೋ ಅಲ್ಲಿಂದ ಕೆಲಸ ಶುರುವಾಗುತ್ತದೆ.

1985ರಲ್ಲಿ ಖಗೋಳಶಾಸ್ತ್ರಜ್ಞ ಕಾರ್ಲ್ ಸೇಗನ್ ‘ಕಾಂಟ್ಯಾಕ್ಟ್’ ಕಾದಂಬರಿಯ ಕರಡನ್ನು ಗೆಳೆಯ, ಭೌತಶಾಸ್ತ್ರಜ್ಞ ಕಿಪ್ ಥಾರ್ನ್‌ಗೆ ಕಳಿಸಿದರು. ಅದರಲ್ಲಿ ನಾಯಕಿ ಕಪ್ಪು ಕುಳಿಯೊಂದಕ್ಕೆ ಬಿದ್ದು, 25 ಜ್ಯೋತಿರ್ವರ್ಷ ದೂರದ ಅಭಿಜಿತ್ ನಕ್ಷತ್ರದ ಬಳಿ ಎದ್ದು ಬರುತ್ತಿದ್ದಳು. ಭೌತಶಾಸ್ತ್ರ ಸರಿ ಇದೆಯಾ ನೋಡು ಅಂತ ಸೇಗನ್ ಕೇಳಿದ್ದರು. ಸರಿ ಇರಲಿಲ್ಲ. ಕಪ್ಪು ಕುಳಿಯೊಳಗೆ ಹೋದವರು ಆಚೆ ಬರುವ ಮಾತೇ ಇಲ್ಲ.

ಥಾರ್ನ್ ಅಷ್ಟಕ್ಕೇ ಬಿಡಲಿಲ್ಲ. ಕಪ್ಪು ಕುಳಿಯ ಬದಲು ವರ್ಮ್‌ಹೋಲ್ ಇಡು ಎಂದರು. ದೂರದ ಎರಡು ಜಾಗಗಳನ್ನು ಸೇರಿಸುವ ಸುರಂಗ ಅದು. ಅದಕ್ಕೂ ಒಂದು ಕಾಯಿಲೆ ಇದೆ: ಯಾರೂ ದಾಟುವ ಮೊದಲೇ ಮುಚ್ಚಿಹೋಗುತ್ತದೆ. ಸಾಮಾನ್ಯವಾಗಿ ಸಾಪೇಕ್ಷತಾ ಸಿದ್ಧಾಂತದಲ್ಲಿ ವಸ್ತು ಎಷ್ಟಿದೆ ಅಂತ ಮೊದಲು ಹೇಳಿ, ಜಾಗ ಹೇಗೆ ಬಾಗುತ್ತದೆ ಅಂತ ಲೆಕ್ಕ ಹಾಕುತ್ತೇವೆ, ಅಲ್ವಾ? ಥಾರ್ನ್ ಉಲ್ಟಾ ಹೋದರು. ಮನುಷ್ಯ ಸುಖವಾಗಿ ದಾಟಬಹುದಾದ ಸುರಂಗವನ್ನು ಮೊದಲು ಬರೆದುಕೊಂಡು, ಅದು ತೆರೆದಿರಬೇಕಾದರೆ ಎಂಥ ವಸ್ತು ಬೇಕು ಅಂತ ಕೇಳಿದರು. ಋಣ ಶಕ್ತಿ ಸಾಂದ್ರತೆಯ (ಅಂದರೆ ಶಕ್ತಿ ಸೊನ್ನೆಗಿಂತ ಕಡಿಮೆ ಇರುವ), ಗೋಡೆಗಳನ್ನು ಆಚೆಗೆ ತಳ್ಳುವ ವಿಚಿತ್ರ ವಸ್ತು ಬೇಕು ಅಂತ ಉತ್ತರ ಬಂತು.

ಅಂಥದ್ದು ಇರಲು ಸಾಧ್ಯವಾ? ಇದೇ ನಿಜವಾದ ಸಂಶೋಧನೆಯ ಪ್ರಶ್ನೆ. 1988ರಲ್ಲಿ ಥಾರ್ನ್ ಮತ್ತು ಅವರ ವಿದ್ಯಾರ್ಥಿ ಮೈಕ್ ಮಾರಿಸ್ ಇದನ್ನು ಪ್ರಬಂಧವಾಗಿ ಪ್ರಕಟಿಸಿದರು. ಅದೇ ವರ್ಷ ಇನ್ನೊಂದು ಪ್ರಬಂಧದಲ್ಲಿ, ಇಂಥ ಸುರಂಗ ಸಿಕ್ಕರೆ ಅದನ್ನು ಕಾಲಯಂತ್ರವನ್ನಾಗಿಯೂ ಮಾಡಬಹುದು ಅಂತ ತೋರಿಸಿದರು. ಪ್ರಕೃತಿ ಅದಕ್ಕೆ ಬಿಡುವುದಿಲ್ಲ ಅಂತ 1992ರಲ್ಲಿ ಸ್ಟೀಫನ್ ಹಾಕಿಂಗ್ ವಾದ ಹೂಡಿದರು. ಎಲ್ಲಾ ಶುರುವಾಗಿದ್ದು ಒಂದು ಕಾದಂಬರಿಯ ಕರಡಿನಿಂದ. (ಥಾರ್ನ್‌ಗೆ 2017ರಲ್ಲಿ ನೊಬೆಲ್ ಬಂದದ್ದು ಮಾತ್ರ ಗುರುತ್ವ ಅಲೆಗಳ ಕೆಲಸಕ್ಕೆ. ನಿಮ್ಮ ಮೇಷ್ಟ್ರು ಇದನ್ನೇ ಎತ್ತಿ ಹೇಳಬಹುದು!)

ನೀವೂ ಒಂದು ಕಥೆ ಹಿಡಿದು ನೋಡಿ. ಜೂಲ್ಸ್ ವರ್ನ್ 1865ರ ಕಾದಂಬರಿಯಲ್ಲಿ ಮೂವರನ್ನು ಫಿರಂಗಿಯಿಂದ ಚಂದ್ರನತ್ತ ಹಾರಿಸುತ್ತಾನೆ. ಫಿರಂಗಿಯ ಉದ್ದ 900 ಅಡಿ, ವೇಗ ಸೆಕೆಂಡಿಗೆ ಸುಮಾರು 11 ಕಿ.ಮೀ. ವೇಗದ ವರ್ಗವನ್ನು ಉದ್ದದ ಎರಡರಷ್ಟರಿಂದ ಭಾಗಿಸಿ. ವೇಗೋತ್ಕರ್ಷ ಭೂಮಿಯ ಗುರುತ್ವದ 20 ಸಾವಿರ ಪಟ್ಟಿಗೂ ಜಾಸ್ತಿ ಬರುತ್ತದೆ. ಹೊಡೆತ ತಡೆಯಲು ವರ್ನ್ ಕೆಳಗೆ ನೀರು ತುಂಬಿಸಿದ್ದ, ಪಾಪ. ಮೂವರೂ ಅಪ್ಪಚ್ಚಿಯೇ. ಹಾಗಾದರೆ ವೇಗವನ್ನು ಒಮ್ಮೆಗೇ ಕೊಡದೆ ನಿಧಾನವಾಗಿ ಕೊಡುವುದು ಹೇಗೆ? ಇಂಧನ ಉರಿಸುತ್ತಾ ಹೋಗುವ ರಾಕೆಟ್ಟಿನಿಂದ. ವರ್ನ್‌ನನ್ನು ಓದಿ ಬೆಳೆದ ರಷ್ಯದ ವಿಜ್ಞಾನಿ ತ್ಸಿಯೊಲ್ಕೊವ್‌ಸ್ಕಿ 1903ರಲ್ಲಿ ರಾಕೆಟ್ ಸಮೀಕರಣ ಪ್ರಕಟಿಸಿದರು.

ಮೇಷ್ಟ್ರ ಮುಂದೆ ಕಾದಂಬರಿ ಇಡಬೇಡಿ. ಇಂಥ ಲೆಕ್ಕದ ಹಾಳೆ ಇಡಿ: ಯಾವ ನಿಯಮ ಅಡ್ಡ ಬರುತ್ತದೆ, ಎಷ್ಟು ಪಟ್ಟು ಕಮ್ಮಿ ಬೀಳುತ್ತದೆ ಅಂತ ಸಂಖ್ಯೆ ಹಾಕಿ. ಜೊತೆಗೆ ಥಾರ್ನ್–ಮಾರಿಸ್ ಪ್ರಬಂಧ ಓದಿ. ಸಾಪೇಕ್ಷತೆ ಕಲಿಸುವುದಕ್ಕೆಂದೇ ಬರೆದದ್ದು, ಎಂ.ಎಸ್ಸಿ. ಓದುವವರಿಗೆ ಎಟುಕುತ್ತದೆ.