ಹೊಟ್ಟೆನೋವಿಗೆ ಹೋದರೆ ಮನಸ್ಸಿನ ಪ್ರಶ್ನೆ ಯಾಕೆ?

ಗದಗಿನ ಓದುಗ ಅಕ್ಕಾವ್ರಿಗೆ ನಮಸ್ಕಾರ.

ಎಂಟನೇ ಕ್ಲಾಸಿನ ಮಗನಿಗೆ ಪದೇ ಪದೇ ಹೊಟ್ಟೆನೋವು ಅಂತ ಹುಬ್ಬಳ್ಳಿಯ ಮಕ್ಕಳ ಡಾಕ್ಟರ ಹತ್ತಿರ ಹೋಗಿದ್ದಿರಿ. ಅವರು 35 ಪ್ರಶ್ನೆಗಳ ಹಾಳೆ ಕೊಟ್ಟು ತುಂಬಿಸಿಕೊಂಡರು. ಆಮೇಲೆ ನಿಮ್ಮನ್ನು ಹೊರಗೆ ಕೂರಿಸಿ ಮಗನೊಬ್ಬನ ಜೊತೆ ಮಾತಾಡಿದರು. ‘ನನ್ನ ಮಗಗ ಹುಚ್ಚ ಹಿಡದೈತೇನ್ರಿ?’ ಎಂದು ಸಿಟ್ಟಿನಲ್ಲಿ ಬರೆದಿದ್ದೀರಿ.

ಇಲ್ಲ ಅಕ್ಕಾ. ಡಾಕ್ಟರು ಕೇಳಿದ್ದು ಸರಿ. ಯಾಕೆ ಕೇಳುತ್ತೇನೆ ಅಂತ ಎರಡು ಮಾತು ಹೇಳದೆ ಇದ್ದದ್ದು ತಪ್ಪು.

ನೀವು ಕೊಟ್ಟ ಗುರುತು ನೋಡಿದರೆ ಅದು ‘ಪೀಡಿಯಾಟ್ರಿಕ್ ಸಿಂಪ್ಟಮ್ ಚೆಕ್‌ಲಿಸ್ಟ್’, ಅಂದರೆ ಮಕ್ಕಳ ಮನಸ್ಸು, ನಡವಳಿಕೆಯ ತೊಂದರೆ ಗುರುತಿಸಲು ಬಳಸುವ ಪ್ರಶ್ನಾವಳಿ ಇರಬೇಕು. ಅದರ ಮೊದಲ ಪ್ರಶ್ನೆಯೇ ಮಗು ಅಲ್ಲಿ ನೋವು, ಇಲ್ಲಿ ನೋವು ಅನ್ನುತ್ತದೆಯೇ ಎಂಬುದು. ‘ನನಗ ಅಂಜಿಕಿ ಬರ್ತದ’ ಅನ್ನುವ ಮಕ್ಕಳು ಕಡಿಮೆ, ‘ಹೊಟ್ಟಿ ನೋಯ್ತದ’ ಅನ್ನುವವರೇ ಜಾಸ್ತಿ. ಹಾಗಂತ ಅದು ನಾಟಕವಲ್ಲ. ಆತಂಕವಾದಾಗ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ‘ಸೂಟಿ ಇದ್ದಾಗ ಆರಾಮ ಇರ್ತಾನ’ ಎಂದು ನೀವೇ ಬರೆದಿದ್ದೀರಿ ಅಲ್ವಾ? ಡಾಕ್ಟರಿಗೂ ಅದೇ ಕಂಡಿರಬೇಕು.

ಪ್ರತಿ ಪ್ರಶ್ನೆಗೆ 0, 1 ಅಥವಾ 2 ಅಂಕ. 6ರಿಂದ 16 ವರ್ಷದವರಿಗೆ ಒಟ್ಟು 28 ಅಥವಾ ಹೆಚ್ಚು ಬಂದರೆ ಇನ್ನಷ್ಟು ವಿಚಾರಿಸಬೇಕು, ಅಷ್ಟೇ. ಕಾಯಿಲೆ ಇದೆ ಅಂತ ಅಲ್ಲ. (ಅಂಕ ಅಂದ ಕೂಡಲೇ ನಮಗೆ ಪಾಸು, ಫೇಲು ನೆನಪಾಗುತ್ತದೆ, ಏನು ಮಾಡೋದು.) ಇನ್ನು ಹೊರಗೆ ಕೂರಿಸಿದ್ದು. ಬಸ್ಸಿನಲ್ಲಿ ಯಾರು ಕಾಡುತ್ತಾರೆ, ಮೇಷ್ಟ್ರು ಏನಂದರು ಎಂಬುದನ್ನು 13ರ ಹುಡುಗ ಅವ್ವನ ಮುಂದೆ ಹೇಳುವುದು ಕಷ್ಟ.

ಅಮೆರಿಕದ ಮಕ್ಕಳ ವೈದ್ಯರ ಸಂಘ 12 ದಾಟಿದವರಿಗೆ ಪ್ರತಿ ವರ್ಷದ ತಪಾಸಣೆಯಲ್ಲೂ ಖಿನ್ನತೆಯ ಪ್ರಶ್ನೆ ಕೇಳಿ ಅನ್ನುತ್ತದೆ. ನಮ್ಮಲ್ಲಿ ಆ ವರ್ಷದ ತಪಾಸಣೆಯೇ ಇಲ್ಲವಲ್ಲ! 5 ವರ್ಷದ ಬೂಸ್ಟರ್ ಮುಗಿದ ಮೇಲೆ ಆರಾಮಿರುವ ಮಗುವನ್ನು ಯಾರು ದವಾಖಾನೆಗೆ ಕರೆದೊಯ್ಯುತ್ತಾರೆ? 10 ಮತ್ತು 16ಕ್ಕೆ ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯುವ) ಚುಚ್ಚುಮದ್ದಿದೆ, ಆದರೆ ಅದು ತಪಾಸಣೆಯಲ್ಲ. ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ಬರುತ್ತದೆ, ಆದರೆ ಕಣ್ಣು, ಹಲ್ಲು, ರಕ್ತಹೀನತೆ ನೋಡುವುದರಲ್ಲೇ ಹೊತ್ತು ಹೋಗುತ್ತದೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ನೂರಕ್ಕೆ ಸುಮಾರು ಏಳು ಮಂದಿಗೆ ಮಾನಸಿಕ ತೊಂದರೆ ಕಂಡಿತ್ತು. ಇವರನ್ನು ಜ್ವರಕ್ಕೋ ಹೊಟ್ಟೆನೋವಿಗೋ ಬಂದಾಗಲೇ ವಿಚಾರಿಸಬೇಕು. ಬೇರೆ ಹೊತ್ತಿಗೆ ಅವರು ಸಿಗುವುದೇ ಇಲ್ಲ.

ಶಾಲೆಗೆ ಗೊತ್ತಾದರೆ ಎಂಬ ಭಯ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗುಟ್ಟು ಕಾಯುವ ನಿಯಮವಿದೆ.

ಮತ್ತೊಮ್ಮೆ ಹೋಗಿ, ಒಟ್ಟು ಎಷ್ಟು ಬಂತು, ಮುಂದೇನು ಅಂತ ನೇರವಾಗಿ ಕೇಳಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ ಅಂದರೆ ಬೆಚ್ಚಬೇಡಿ. ‘ಧಾರವಾಡಕ್ಕ ಕಳಸ್ಬೇಕು’ ಎಂಬ ನಮ್ಮ ಹಳೆ ಚೇಷ್ಟೆಯಿಂದಾಗಿ ಎಷ್ಟು ಮಕ್ಕಳು ಮನೆಯಲ್ಲೇ ಉಳಿದಿದ್ದಾರೋ. ಮೊದಲು ಫೋನಿನಲ್ಲಿ ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಹೊಟ್ಟೆಯನ್ನೂ ಮರೆಯಬೇಡಿ. ಹುಡುಗನ ತೂಕ ಇಳಿದರೆ, ರಾತ್ರಿ ನೋವಿಗೆ ಎಚ್ಚರವಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಮತ್ತೆ ತೋರಿಸಿ.

– ಸಂ.