ಆ ಮೂರು ಎಕರೆಯನ್ನು ಒಂದು ಮಳೆಗಾಲ ನೋಡಿ

ಹೊಸನಗರ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಅವರ ಊರಿನ ಅಂಚಿನಲ್ಲಿ, ಪೇಟೆಯಿಂದ ಎರಡು ಕಿಲೋಮೀಟರ್ ಆಚೆ, ಮೂರು ಎಕರೆ ಸರ್ಕಾರಿ ಜಾಗ ಇದೆಯಂತೆ. ಸಮುದಾಯ ಭವನ, ಗ್ರಂಥಾಲಯ, ಪಾರ್ಕು, ಆಟದ ಮೈದಾನ, ಸಂತೆಕಟ್ಟೆ, ಎಲ್ಲವನ್ನೂ ಅಲ್ಲೇ ಮಾಡುವ ಯೋಜನೆ. ಮಳೆಗಾಲಕ್ಕೆ ಮೊದಲೇ ಜೆಸಿಬಿ ಇಳಿಸಬೇಕು ಅಂತ ಕೆಲವರಿಗೆ ಅವಸರ. "ಮುಂದಿನ ಮಕ್ಕಳಿಗೂ ಉಳಿಯುವ ಹಾಗೆ ಮಾಡಬೇಕು ಅನ್ನುವ ನಾಲ್ಕೈದು ಜನ ನಾವಿದ್ದೇವೆ. ಮುಂದಿನ ತಿಂಗಳ ಸಭೆಯಲ್ಲಿ ಏನು ಕೇಳಬೇಕು, ಹೇಳಿ" ಎಂದು ಕೇಳಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಕಣ್ಣಿಗೆ ಬಿದ್ದದ್ದು ಕೊನೆಯಲ್ಲಿ ನೀವು ಸುಮ್ನೆ ಸೇರಿಸಿದ ಸಾಲು: "ಕೆಳಗಿನ ಮೂಲೆ ಮಾತ್ರ ಸಂಕ್ರಾಂತಿವರೆಗೂ ಹಸಿ ಇರುತ್ತೆ, ಅಲ್ಲಿ ಎಮ್ಮೆ ಮಲಗುತ್ತವೆ." ನನ್ನ ಉತ್ತರ ಅಲ್ಲಿಂದಲೇ ಶುರು.

ಅದು ಹಡ್ಲು. ಮೇಲಿನ ಗುಡ್ಡದ ನೀರೆಲ್ಲ ಬಂದು ನಿಂತು, ನಿಧಾನಕ್ಕೆ ಇಂಗುವ ಜಾಗ. ಸುತ್ತಲಿನ ಮನೆಗಳ ಬಾವಿಯಲ್ಲಿ ಮಾರ್ಚ್‌ವರೆಗೆ ನೀರಿದ್ದರೆ ಅದರಲ್ಲಿ ಆ ಮೂಲೆಯ ಪಾಲೂ ಇದೆ. ಅದಕ್ಕೆ ನಾಲ್ಕು ಅಡಿ ಮಣ್ಣು ತುಂಬಿ ಪೇವರ್ಸ್ ಹಾಕಿದರೆ ನೀರು ಬರುವುದೇನೂ ನಿಲ್ಲುವುದಿಲ್ಲ. ಪಕ್ಕದವರ ಅಂಗಳಕ್ಕೆ ನುಗ್ಗುತ್ತದೆ, ಅಷ್ಟೇ. ಆದ್ದರಿಂದ ಸಭೆಯಲ್ಲಿ ನೀವು ಮೊದಲು ಕೇಳಬೇಕಾದ್ದು ಒಂದೇ: ಈ ಮಳೆಗಾಲ ಆ ಜಾಗವನ್ನು ಮುಟ್ಟಬೇಡಿ, ನೋಡಿ.

ಸುಮ್ಮನೆ ನಿಂತು ನೋಡುವುದಲ್ಲ. ಪುನರ್ವಸು, ಪುಷ್ಯ ಮಳೆ ಹಿಡಿದು ಎರಡು ಮೂರು ದಿನ ಬಿಡದೆ ಹೊಯ್ದ ಮೇಲೆ ಹೋಗಿ. ಕೈಯಲ್ಲಿ ಒಂದಷ್ಟು ಗೂಟ ಇರಲಿ. ನೀರು ಎಲ್ಲಿ ನಿಂತಿದೆ, ಎಲ್ಲಿ ಹರಿಯುತ್ತಿದೆ, ಎಲ್ಲಿ ಜಲ ಎದ್ದಿದೆ, ಅಲ್ಲೆಲ್ಲ ಗೂಟ ಹೊಡೆಯಿರಿ. ಬಿಸಿಲು ಬಂದ ಮೇಲೆ ಸರ್ವೆಯವರನ್ನು ಕರೆದು ಆ ಗೂಟಗಳನ್ನು ನಕ್ಷೆಗೆ ಏರಿಸಿ. ಏಪ್ರಿಲ್‌ನಲ್ಲಿ ನೋಡಿದರೆ ಮಲೆನಾಡಿನ ಎಲ್ಲ ಜಾಗವೂ ಗಟ್ಟಿ ನೆಲವೇ. ಏಪ್ರಿಲ್‌ನಲ್ಲಿ ನಕ್ಷೆ ಬರೆದು ಜುಲೈಯಲ್ಲಿ ಕೈಸುಟ್ಟುಕೊಂಡ ಕಟ್ಟಡಗಳನ್ನು ಬೇಕಾದಷ್ಟು ನೋಡಿದ್ದೇನೆ.

ಮೇಲಿನ ಭಾಗದಲ್ಲಿ ಕಟ್ಟುವಾಗಲೂ ಗುಡ್ಡ ಕಡಿದು ಒಂದೇ ಮಟ್ಟ ಮಾಡಲು ಬಿಡಬೇಡಿ. ಜೆಸಿಬಿ ನೆಟ್ಟಗೆ ಕಡಿದ ದರೆ, ಅಂದರೆ ಆ ಮಣ್ಣಿನ ಗೋಡೆ, ಮೊದಲ ವರ್ಷ ನಿಂತ ಹಾಗೆ ಕಾಣುತ್ತದೆ. ಆಮೇಲೆ ಒಂದು ರಾತ್ರಿ ಗೋಡೆಯನ್ನೂ ಕರೆದುಕೊಂಡು ಬರುತ್ತದೆ. ನಮ್ಮ ಹಿರಿಯರು ಮೆಟ್ಟಿಲು ಮೆಟ್ಟಿಲಾಗಿ ಗದ್ದೆ ಮಾಡಿದ್ದು ಇದೇ ಗುಡ್ಡಗಳಲ್ಲಿ ಅಲ್ವಾ? ಕಟ್ಟಡವೂ ಹಾಗೆ ಎರಡು ಮೂರು ಮಟ್ಟದಲ್ಲಿ ಕೂರಬಹುದು.

ಕಟ್ಟಡದ ಬಗ್ಗೆ ನನ್ನ ಊರಿನದ್ದೇ ಉದಾಹರಣೆ ಕೊಡುತ್ತೇನೆ. ಅಲ್ಲೂ ಊರ ಹೊರಗೆ ಒಂದು ಸಮುದಾಯ ಭವನ ಆಯಿತು. ಚಪ್ಪಟೆ ಆರ್‌ಸಿಸಿ ತಾರಸಿ, ಮುಂದೆ ಗಾಜು. ಮೂರನೇ ಮಳೆಗಾಲಕ್ಕೆ ಸೋರಲು ಶುರು. ಈಗ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದೆಸಿದ್ದಾರೆ. ಅಂದರೆ ಒಂದು ಕಟ್ಟಡಕ್ಕೆ ಎರಡು ಮಾಡಿನ ಖರ್ಚು. ಕಳೆದ ಜುಲೈಯಲ್ಲಿ ಅಲ್ಲಿಗೆ ಒಂದು ನಾಮಕರಣಕ್ಕೆ ಹೋಗಿದ್ದೆ. ಇನ್ನೂರು ಜನ ಬಂದಿದ್ದರು, ಇನ್ನೂರು ಕೊಡೆ. ಕೊಡೆ ಇಡಲು ಒಂದು ಜಾಗ ಇಲ್ಲ, ಚಪ್ಪಲಿ ಬಿಡಲು ಒಂದು ಜಗಲಿ ಇಲ್ಲ. ಎಲ್ಲರೂ ನೀರು ಸುರಿಯುವ ಕೊಡೆ ಹಿಡಿದೇ ಒಳಗೆ ಬಂದರು. ಹೊಳೆಯುವ ಟೈಲ್ಸ್ ಮೇಲೆ ಮಗುವಿನ ಅಜ್ಜಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಆ ದಿನ ಪೂರ್ತಿ ನನಗೆ ಊಟ ಸೇರಲಿಲ್ಲ.

ಹಾಗಾಗಿ ನಕ್ಷೆ ತೋರಿಸಿದಾಗ ಕೇಳಿ: ಕೊಡೆ ಎಲ್ಲಿ ಇಡುತ್ತೀರಿ? ಆ ಪ್ರಶ್ನೆಗೆ ಉತ್ತರ ಇರುವ ಕಟ್ಟಡದಲ್ಲಿ ಅಗಲದ ಜಗಲಿ ಇರುತ್ತದೆ, ಇಳಿಜಾರು ಮಾಡು ಇರುತ್ತದೆ, ಇರಚಲು ಒಳಗೆ ಬರದಂತೆ ಮುಂದಕ್ಕೆ ಚಾಚಿದ ಸೂರು ಇರುತ್ತದೆ, ಕಾಲಿಗೆ ಹಿಡಿತ ಕೊಡುವ ನೆಲ ಇರುತ್ತದೆ. ಜಂಬಿಟ್ಟಿಗೆ ಹತ್ತಿರದಲ್ಲಿ ಸಿಗುತ್ತದಾದರೆ ಗೋಡೆಗೆ ಅದೇ ಸಾಕು. ಹೆಂಚಾದರೆ ಒಡೆದದ್ದನ್ನು ಊರಿನವರೇ ಏಣಿ ಹಾಕಿ ಬದಲಿಸಬಹುದು. ಊರಿನವರ ಕೈಯಲ್ಲೇ ರಿಪೇರಿ ಆಗುವ ಕಟ್ಟಡ ಬಾಳುತ್ತದೆ.

ನೀರಿನ ಲೆಕ್ಕವನ್ನು ಸಭೆಯಲ್ಲಿ ಬಾಯಲ್ಲೇ ಹೇಳಬಹುದು. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 400 ಚದರ ಮೀಟರ್ ಮಾಡು, ವರ್ಷಕ್ಕೆ 2,500 ಮಿಲಿಮೀಟರ್ ಮಳೆ ಎಂದು ಹಿಡಿದರೆ ಹತ್ತು ಲಕ್ಷ ಲೀಟರ್ ಆಯಿತು. ಅಷ್ಟನ್ನೂ ಹಿಡಿದಿಡಲು ಆಗುವುದಿಲ್ಲ, ಬೇಕಾಗಿಯೂ ಇಲ್ಲ. 50,000 ಲೀಟರಿನ ಒಂದು ತೊಟ್ಟಿ ಮಾಡಿ. 125 ಮಿಲಿಮೀಟರ್ ಸುರಿದ ಒಂದೇ ದಿನಕ್ಕೆ ಅದು ತುಂಬುತ್ತದೆ. ಮುಖ್ಯವಾದದ್ದು ಕೊನೆಯ ಮಳೆ. ಜುಲೈ ನೀರನ್ನು ಧಾರಾಳವಾಗಿ ಬಳಸಿ, ಅಕ್ಟೋಬರ್‌ನ ಮಳೆಯಲ್ಲಿ ತೊಳೆದು ತುಂಬಿಸಿ ಮುಚ್ಚಿಡಿ. ಬೇಸಿಗೆಯ 90 ದಿನ ದಿನಕ್ಕೆ 550 ಲೀಟರ್ ಸಿಗುತ್ತದೆ. ಶೌಚಾಲಯಕ್ಕೆ, ಕೈತೊಳೆಯಲು ಅಷ್ಟು ಬೇಕೇ ಬೇಕು. ಇಷ್ಟು ಮಳೆ ಬೀಳುವ ನಾಡಿನಲ್ಲಿ ಏಪ್ರಿಲ್‌ಗೆ ಟ್ಯಾಂಕರ್ ದಾರಿ ಕಾಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಶೌಚಾಲಯದ ಗುಂಡಿಯ ವಿಷಯ ಯಾರೂ ಎತ್ತುವುದಿಲ್ಲ, ನೀವು ಎತ್ತಿ. ಮಳೆಗಾಲದಲ್ಲಿ ನಮ್ಮ ಬಾವಿಗಳ ನೀರು ಕೈಗೆ ಸಿಗುವಷ್ಟು ಮೇಲೆ ಬರುತ್ತದೆ. ಹಾಗೆ ನೀರೆದ್ದ ನೆಲದಲ್ಲಿ ಇಂಗುಗುಂಡಿ ಇಂಗಿಸುವುದಿಲ್ಲ. ಒಳಗಿದ್ದದ್ದೂ ಮೇಲೆ ಬರುತ್ತದೆ, ಇಲ್ಲವೇ ಸದ್ದಿಲ್ಲದೆ ಬಾವಿ ಸೇರುತ್ತದೆ. ಹಾಗಾಗಿ ಶೌಚಾಲಯ ಎತ್ತರದಲ್ಲಿರಲಿ, ಬಾವಿಯಿಂದ ದೂರ ಇರಲಿ, ಗುಂಡಿ ಗಟ್ಟಿಯಾದ ತಳದ್ದಾಗಿರಲಿ, ಹೀರುವ ಲಾರಿ ಅಲ್ಲಿವರೆಗೆ ಬರಲಿ. ಹೀರಿದ್ದನ್ನು ಎಲ್ಲಿ ಸುರಿಯುತ್ತಾರೆ ಅಂತಲೂ ಕೇಳಿ. ದೇವನಹಳ್ಳಿಯಲ್ಲಿ 2015ರಲ್ಲೇ ಪಟ್ಟಣದ ಗುಂಡಿಗಳ ಮಲವನ್ನು ಸಂಸ್ಕರಿಸಿ ಗೊಬ್ಬರ ಮಾಡುವ ಘಟಕ ಶುರುವಾಯಿತು. ನಮ್ಮ ಕಡೆಯ ಊರುಗಳೂ ಎರಡು ಮೂರು ಸೇರಿ ಅಂಥದ್ದೊಂದನ್ನು ಮಾಡಿಕೊಳ್ಳಬಹುದು.

ಈಗ ನಿಮಗೆ ಇಷ್ಟವಾಗದ ಮಾತು. ಗ್ರಂಥಾಲಯವನ್ನು ಅಲ್ಲಿಗೆ ಒಯ್ಯಬೇಡಿ. ಸಂತೆಯನ್ನೂ. ಸಂಜೆ ಶಾಲೆ ಬಿಟ್ಟ ಹುಡುಗಿ ಎರಡು ಕಿಲೋಮೀಟರ್ ನಡೆದು ಹೋಗಿ ಓದಿ, ಕತ್ತಲಲ್ಲಿ ವಾಪಸ್ ಬರುತ್ತಾಳಾ? ಗ್ರಂಥಾಲಯದ ಕರವನ್ನು ಆಸ್ತಿ ತೆರಿಗೆಯ ಜೊತೆ ಊರಿನವರೆಲ್ಲ ಕಟ್ಟುತ್ತೇವೆ. ಕಾರು, ಬೈಕು ಇದ್ದವರಿಗೆ ಮಾತ್ರ ಅದು ಸಿಗುವ ಹಾಗೆ ಆಗಬಾರದು. ಸಂತೆಗೆ ಸೊಪ್ಪು, ಬಾಳೆಗೊನೆ ಹೊತ್ತು ಬರುವ ಹೆಂಗಸರು ಬಸ್ಸಿಳಿದು ಮತ್ತೆ ಆಟೋ ಹಿಡಿಯಬೇಕಾದರೆ ಲಾಭವೆಲ್ಲ ಆಟೋಗೇ ಹೋಗುತ್ತದೆ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಾಡು, ಒಂದು ಶೌಚಾಲಯ ಕೊಟ್ಟರೆ ಅವರ ಕಷ್ಟ ಅರ್ಧ ಇಳಿಯುತ್ತದೆ.

ಊರಂಚಿಗೆ ಹೋಗಬೇಕಾದದ್ದು ಜಾಗ ಜಾಸ್ತಿ ಬೇಡುವ ಕೆಲಸಗಳು. ಆಟದ ಮೈದಾನ, ಜಾತ್ರೆ ಬಯಲು, ಒಣಕಸ ಬೇರ್ಪಡಿಸುವ ಶೆಡ್ಡು. ಮತ್ತೆ ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು: ಮಾಡು ಇರುವ ಸ್ಮಶಾನ. ಜಡಿಮಳೆಯಲ್ಲಿ ಒದ್ದೆ ಕಟ್ಟಿಗೆ, ಟಾರ್ಪಾಲು ಹಿಡಿದು ನಿಂತ ನಾಲ್ಕು ಜನ, ಆರಿ ಆರಿ ಹೋಗುವ ಚಿತೆ. ನೀವೂ ನೋಡಿರುತ್ತೀರಿ. ಆ ಮನೆಯವರ ಮುಖ ನೋಡಲು ಆಗುವುದಿಲ್ಲ. ಒಂದು ಎತ್ತರದ ಶೀಟಿನ ಮಾಡು, ಒಣ ಕಟ್ಟಿಗೆಗೆ ಒಂದು ಕೋಣೆ, ಹತ್ತಿರ ಒಂದು ನಲ್ಲಿ. ಎಲ್ಲ ಜಾತಿಯವರಿಗೂ ಅದು ಒಂದೇ ಇರಲಿ. ಅದಕ್ಕೆ ಬೇರೆ ಜಾಗ ಹುಡುಕಬೇಕಾದರೂ ಸರಿ, ಈ ಸಭೆಯಲ್ಲೇ ಆ ಮಾತು ಬರಲಿ.

ಸಮುದಾಯ ಭವನ ಬೇಡ ಎಂದು ನಾನು ಹೇಳುತ್ತಿಲ್ಲ. ಹೆಗ್ಗೋಡಿನಲ್ಲಿ ನೀನಾಸಂ ನಾಟಕ ಸಂಸ್ಥೆ ಶುರುವಾದದ್ದು 1949ರಲ್ಲಿ. ಈಗಿನ ರಂಗಮಂದಿರ ಎದ್ದದ್ದು ಎಷ್ಟೋ ವರ್ಷ ಕಳೆದ ಮೇಲೆ. ನಾಟಕ ಮೊದಲು ಬಂತು, ನೋಡುವ ಜನ ಬಂದರು, ಕಟ್ಟಡ ಆಮೇಲೆ. ನಿಮ್ಮ ಊರಿನಲ್ಲಿ ಈಗ ಏನು ನಡೆಯುತ್ತಿದೆ? ಯಕ್ಷಗಾನ, ಸ್ವಸಹಾಯ ಸಂಘದ ಸಭೆ, ಕಬಡ್ಡಿ? ಅವೆಲ್ಲ ಸೇರಿ ತಿಂಗಳಿಗೆ ಎಷ್ಟು ದಿನ? ಅದನ್ನು ಬರೆದಿಡಿ. ಅಷ್ಟಕ್ಕೆ ತಕ್ಕ ಒಂದು ಮಾಡನ್ನು ಮೊದಲು ಎಬ್ಬಿಸಿ. ಕರೆಂಟ್ ಬಿಲ್ಲು ಯಾರು ಕಟ್ಟುತ್ತಾರೆ, ಬೀಗದ ಕೈ ಯಾರ ಹತ್ತಿರ ಇರುತ್ತದೆ ಅನ್ನುವುದು ಠರಾವಿನಲ್ಲೇ ಬರಲಿ.

ಮಕ್ಕಳ ಆಟದ ಜಾಗ ಕಾಡಿಗೆ ಒತ್ತಿಕೊಂಡಿರಬಾರದು. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗು (ಉಣ್ಣೆ) ಇರುವುದು ಕಾಡಂಚಿನ ದರಕಿನಲ್ಲಿ, ಅಂದರೆ ಉದುರಿದ ಒಣ ಎಲೆಯಲ್ಲಿ. ಗಿಡದ ವಿಷಯಕ್ಕೆ ಹೆಚ್ಚು ಹೇಳಬೇಕಿಲ್ಲ. ಅಕೇಶಿಯಾ ಬೇಡ. ನೇರಲೆ, ಹಲಸು, ಅಪ್ಪೆಮಿಡಿ ಹಾಕಿ.

ಇಷ್ಟೆಲ್ಲಕ್ಕೂ ಮೊದಲು ಪಹಣಿ ತೆಗೆಸಿ. "ಸರ್ಕಾರಿ ಜಾಗ" ಅಂದರೆ ಸಾಲದು. ಗೋಮಾಳವೋ, ಕಾನೋ (ದಟ್ಟ ಕಾಡು), ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟವೋ, ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಬ ಖರಾಬೋ ನೋಡಬೇಕು. ಅರಣ್ಯ ಎಂದಿದ್ದರೆ 1980ರ ಅರಣ್ಯ ಕಾಯ್ದೆ ಅಡ್ಡ ಬರುತ್ತದೆ, ಕೇಂದ್ರದ ಒಪ್ಪಿಗೆ ಇಲ್ಲದೆ ಒಂದು ಕಲ್ಲೂ ಇಡುವಂತಿಲ್ಲ. ಹಳ್ಳದ ದಾರಿ ಖರಾಬಿನಲ್ಲಿ ಇದ್ದರೆ ಅದರ ಮೇಲೆ ಕಟ್ಟುವ ಹಾಗಿಲ್ಲ. ಪೇಟೆಯಿಂದ ಎರಡು ಕಿಲೋಮೀಟರ್ ಎಂದಿದ್ದೀರಿ, ಹಾಗಾದರೆ ಜಾಗ ಪಟ್ಟಣ ಪಂಚಾಯಿತಿಯದ್ದೋ ಪಕ್ಕದ ಗ್ರಾಮ ಪಂಚಾಯಿತಿಯದ್ದೋ? ಎರಡನೆಯದ್ದಾದರೆ ಅಲ್ಲಿನ ಗ್ರಾಮಸಭೆಯಲ್ಲಿ ವಿಷಯ ಬರಲೇಬೇಕು. ಆ ಎಮ್ಮೆಗಳ ಮಾಲೀಕರು ಬಹುಶಃ ಅಲ್ಲಿಯವರೇ. ಅವರನ್ನು ಮೊದಲು ಮಾತಾಡಿಸಿ. ಆ ನೆಲದ ನೀರಿನ ದಾರಿ ಅವರಿಗೆ ಗೊತ್ತಿರುವಷ್ಟು ಯಾವ ಎಂಜಿನಿಯರಿಗೂ ಗೊತ್ತಿರುವುದಿಲ್ಲ. ಕಚೇರಿಯವರು ಜಾಗದ ಕಾಗದ ಕೊಡಲು ಹಿಂದೆ ಮುಂದೆ ನೋಡಿದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ.

ಸಭೆ ಮುಗಿದ ಮೇಲೆ ಏನಾಯಿತು ಬರೆಯಿರಿ. ಜೆಸಿಬಿ ಇಳಿಸುವುದನ್ನು ಮಳೆಗಾಲದ ನಂತರಕ್ಕೆ ಮುಂದೂಡಿದರೆ ಪುಷ್ಯ ಮಳೆಗೆ ನಾನೂ ಬರುತ್ತೇನೆ. ಗೂಟ ನೀವು ಮಾಡಿಸಿಡಿ, ಅಳತೆ ಟೇಪು ನಾನು ತರುತ್ತೇನೆ.