ಪ್ಲಾಟಿನಂ ಔಷಧ ಡಿಎನ್‌ಎಯನ್ನು ಕತ್ತರಿಸುತ್ತದೆಯೇ?

ಪ್ರಶ್ನೆ: ನಮ್ಮ ತಂದೆಯವರಿಗೆ ಸಿಸ್‌ಪ್ಲಾಟಿನ್ ಕೀಮೋ ನಡೆಯುತ್ತಿದೆ. ಅದರಲ್ಲಿರುವ ಪ್ಲಾಟಿನಂ ಕ್ಯಾನ್ಸರ್ ಕೋಶದ ಡಿಎನ್‌ಎಯನ್ನು ಕತ್ತರಿಸುತ್ತದಂತೆ, ನಿಜವೇ? ಒಳ್ಳೆಯ ಕೋಶಗಳ ಗತಿ ಏನು? ಜೊತೆಗೆ ಅಷ್ಟೊಂದು ಸಲೈನ್ ಏಕೆ ಹಾಕುತ್ತಾರೆ?

ಉತ್ತರ: ಪ್ಲಾಟಿನಂ ಇರುವುದು ನಿಜ. ಆದರೆ ಅದು ಡಿಎನ್‌ಎಯನ್ನು ಕತ್ತರಿಸುವುದಿಲ್ಲ, ಬಗ್ಗಿಸುತ್ತದೆ.

ಸಿಸ್‌ಪ್ಲಾಟಿನ್ ಪುಟ್ಟ ಅಣು. ನಡುವೆ ಒಂದು ಪ್ಲಾಟಿನಂ ಪರಮಾಣು, ಒಂದು ಮಗ್ಗುಲಲ್ಲಿ ಎರಡು ಅಮೋನಿಯಾ, ಇನ್ನೊಂದು ಮಗ್ಗುಲಲ್ಲಿ ಎರಡು ಕ್ಲೋರೈಡ್. ರಕ್ತದಲ್ಲಿ ಕ್ಲೋರೈಡ್ ಹೇರಳವಾಗಿರುವುದರಿಂದ ಅಣುವಿನ ಕ್ಲೋರೈಡ್‌ಗಳು ಅಷ್ಟು ಸುಲಭವಾಗಿ ಕದಲವು. ಕೋಶದೊಳಗೆ ಅದು ತೀರಾ ಕಡಿಮೆ. ಅಲ್ಲಿ ಅವು ಕಳಚಿಕೊಂಡು, ಆ ಜಾಗದಲ್ಲಿ ನೀರು ಕೂರುತ್ತದೆ. ನೀರಿನ ಹಿಡಿತ ಸಡಿಲ. ಡಿಎನ್‌ಎ ಸಿಕ್ಕಿದ್ದೇ ತಡ, ಪ್ಲಾಟಿನಂ ನೀರನ್ನು ಬಿಟ್ಟು, ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲೊಂದಾದ ಗ್ವಾನಿನ್‌ನ ಏಳನೇ ಸ್ಥಾನದ ಸಾರಜನಕಕ್ಕೆ ಅಂಟಿಕೊಳ್ಳುತ್ತದೆ. ಖಾಲಿಯಿದ್ದ ಇನ್ನೊಂದು ಕೈಯಿಂದ ಹೆಚ್ಚಾಗಿ ಅದೇ ಎಳೆಯಲ್ಲಿ ಪಕ್ಕದಲ್ಲಿರುವ ಗ್ವಾನಿನ್ ಅನ್ನೇ ಹಿಡಿಯುತ್ತದೆ.

ಒಂದರ ಮೇಲೊಂದು ಸಮತಟ್ಟಾಗಿ ಜೋಡಿಸಿದ್ದ ಈ ಎರಡು ಗ್ವಾನಿನ್‌ಗಳು ಪ್ಲಾಟಿನಂ ಎಳೆತಕ್ಕೆ ಪರಸ್ಪರ ವಾಲುತ್ತವೆ. ಇಡೀ ಸುರುಳಿ ಅಲ್ಲಿ 30ರಿಂದ 60 ಡಿಗ್ರಿಯಷ್ಟು ಬಾಗಿ, ಹೆಣಿಗೆಯೂ ಕೊಂಚ ಬಿಚ್ಚಿಕೊಳ್ಳುತ್ತದೆ. ಆ ಬಾಗಿನೊಳಗೆ ಎಚ್‌ಎಂಜಿಬಿ1 ಎಂಬ ಪ್ರೋಟೀನ್ ತನ್ನ ಒಂದು ಅಮೈನೋ ಆಮ್ಲವನ್ನು ಬೆಣೆಯಂತೆ ತೂರಿಸುತ್ತದೆ. ಜೀನ್ ನಕಲು ಮಾಡುವ ಕಿಣ್ವ ಅಲ್ಲಿಗೆ ಬಂದು ಸಿಕ್ಕಿಹಾಕಿಕೊಳ್ಳುತ್ತದೆ. ದುರಸ್ತಿ ವ್ಯವಸ್ಥೆ ಹಾನಿಗೊಂಡ ತುಣುಕನ್ನು ತೆಗೆದು ಸರಿಪಡಿಸಲು ನೋಡುತ್ತದೆ. ಹಾನಿ ಕೈಮೀರಿದರೆ ಕೋಶ ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಪ್ಲಾಟಿನಂ ಮಾಡುವುದು ಗಂಟು ಹಾಕುವ ಕೆಲಸ ಮಾತ್ರ, ಕೊಲ್ಲುವ ತೀರ್ಮಾನ ಕೋಶದ್ದೇ.

ಇಲ್ಲಿ ಆಕಾರವೇ ಮುಖ್ಯ. ಅವೇ ಪರಮಾಣುಗಳಿದ್ದೂ ಕ್ಲೋರೈಡ್‌ಗಳು ಎದುರುಬದುರಾಗಿರುವ ಟ್ರಾನ್ಸ್‌ಪ್ಲಾಟಿನ್ ಚಿಕಿತ್ಸೆಗೆ ಉಪಯೋಗವಿಲ್ಲ, ಪಕ್ಕಪಕ್ಕದ ಗ್ವಾನಿನ್‌ಗಳನ್ನು ಅದು ಬೆಸೆಯಲಾರದು. ಅಂದ ಹಾಗೆ, ಪ್ಲಾಟಿನಂ ಕೋಶ ವಿಭಜನೆಯನ್ನು ತಡೆಯುತ್ತದೆ ಎಂಬುದು ಪತ್ತೆಯಾಗಿದ್ದು ಆಕಸ್ಮಿಕವಾಗಿ. ಅಮೆರಿಕದ ವಿಜ್ಞಾನಿ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳ ಮೇಲೆ ವಿದ್ಯುತ್ತಿನ ಪರಿಣಾಮ ನೋಡುತ್ತಿದ್ದರು. ಅವು ಒಡೆದು ಎರಡಾಗದೆ ದಾರದಂತೆ ಉದ್ದಕ್ಕೆ ಬೆಳೆದವು. ಕಾರಣ ವಿದ್ಯುತ್ತಲ್ಲ, ಎಲೆಕ್ಟ್ರೋಡಿನಿಂದ ಕರಗಿ ಬಂದ ಪ್ಲಾಟಿನಂ! ಆ ವರದಿ ಬಂದದ್ದು 1965ರಲ್ಲಿ. ಅಮೆರಿಕದಲ್ಲಿ ಔಷಧಕ್ಕೆ ಅನುಮತಿ ಸಿಕ್ಕಿದ್ದು 1978ರಲ್ಲಿ.

ಇನ್ನು ಒಳ್ಳೆಯ ಕೋಶಗಳು. ಔಷಧಕ್ಕೆ ಭೇದವಿಲ್ಲ, ಅವಕ್ಕೂ ಅಂಟುತ್ತದೆ. ವೇಗವಾಗಿ ವಿಭಜಿಸುವ, ದುರಸ್ತಿ ದುರ್ಬಲವಾಗಿರುವ ಕೋಶಗಳಿಗೆ ಪೆಟ್ಟು ಹೆಚ್ಚು. ವೃಷಣದ ಕ್ಯಾನ್ಸರ್‌ನಲ್ಲಿ ಇದು ಅಷ್ಟು ಚೆನ್ನಾಗಿ ಕೆಲಸ ಮಾಡುವುದಕ್ಕೆ ಇದೂ ಒಂದು ಕಾರಣ. ಆದರೆ ಮೂತ್ರಪಿಂಡ, ಒಳಕಿವಿ, ನರಗಳೂ ನೋಯುತ್ತವೆ. ಸಲೈನ್ ಮುಖ್ಯವಾಗಿ ಮೂತ್ರಪಿಂಡ ಕಾಯಲು. ಸಿಸ್‌ಪ್ಲಾಟಿನ್ ಬೆರೆಸುವುದೂ ಉಪ್ಪಿನ ದ್ರಾವಣದಲ್ಲೇ, ಇಲ್ಲದಿದ್ದರೆ ಕ್ಲೋರೈಡ್ ಬಾಟಲಿಯಲ್ಲೇ ಕಳಚತೊಡಗುತ್ತದೆ. ಅದರ ಸೋದರ ಆಕ್ಸಾಲಿಪ್ಲಾಟಿನ್‌ಗೆ ಇದು ತದ್ವಿರುದ್ಧ: ಅದನ್ನು ಬೆರೆಸುವುದು ಗ್ಲೂಕೋಸ್ ದ್ರಾವಣದಲ್ಲಿ.

ತಂದೆಯವರಿಗೆ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಬೆರಳ ತುದಿಯಲ್ಲಿ ಜೋಮು, ಮೂತ್ರ ಕಡಿಮೆಯಾಗುವುದು ಕಂಡರೆ ಮುಂದಿನ ಡೋಸ್‌ವರೆಗೆ ಕಾಯದೆ ವೈದ್ಯರಿಗೆ ತಿಳಿಸಿ.